ಕರಾವಳಿಗೆ ಬೆಟ್ಟದಿಂದ ಬರುವ ಎಚ್ಚರಿಕೆ: ವೈಗೈ ಕಣಿವೆಯಲ್ಲಿ ನೆರೆ ಸಿದ್ಧತೆ

ಇವತ್ತಿನ ಗೋಷ್ಠಿಯ ವಿಷಯ ಕರಾವಳಿಯ ಮಳೆ ಮತ್ತು ದಿಢೀರ್ ನೆರೆ. ನಾನು ಆರಿಸಿಕೊಂಡ ಬತ್ತಲಗುಂಡು ಕಡಲಿನಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳಗಿದೆ. ಕರಾವಳಿಗೂ ಈ ಊರಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ವೈಗೈ ನದಿಯದು. ವರುಸನಾಡು ಬೆಟ್ಟದಲ್ಲಿ ಹುಟ್ಟಿ ತೇನಿ, ದಿಂಡಿಗಲ್, ಮಧುರೈ, ಶಿವಗಂಗೈ ದಾಟಿ, ಸುಮಾರು 258 ಕಿಲೋಮೀಟರ್ ಹರಿದು, ರಾಮನಾಥಪುರದ ಕರಾವಳಿಯಲ್ಲಿ ಅದರ ಹಾದಿ ಮುಗಿಯುತ್ತದೆ.

ಆ ಕರಾವಳಿಯ ನೆನಪೆಲ್ಲ ಕಡಲಿನದು. 1964ರ ಡಿಸೆಂಬರ್ 22ರ ರಾತ್ರಿ ಬಂದ ಚಂಡಮಾರುತ ಧನುಷ್ಕೋಡಿಯನ್ನು ಅಳಿಸಿಹಾಕಿತು, ಪಾಂಬನ್‌ನಿಂದ ಹೊರಟ ರೈಲನ್ನೂ ನುಂಗಿತು. ಅಷ್ಟು ಕಂಡ ಜನ ಕಡಲಿನ ಕಡೆಗೇ ಕಣ್ಣಿಡುವುದು ಸಹಜ. ಆದರೆ ನದಿಯ ನೆರೆ ಬೆನ್ನ ಹಿಂದಿನಿಂದ ಬರುತ್ತದೆ. ಅದರ ಸುದ್ದಿ ಹುಟ್ಟುವುದು ಬೆಟ್ಟದ ಬುಡದಲ್ಲಿ. ಆ ಸುದ್ದಿಗೂ ಒಂದು ಚರಿತ್ರೆ ಇದೆ.

ಮೊದಲು ಕೆರೆಗಳನ್ನು ನೋಡೋಣ. ವೈಗೈ ಬಯಲಿನಲ್ಲಿ ಕೆರೆಗೆ ಕಣ್ಮಾಯ್ ಅನ್ನುತ್ತಾರೆ. ಒಂದರ ಕೋಡಿ ಬಿದ್ದರೆ ನೀರು ಇನ್ನೊಂದಕ್ಕೆ, ಹೀಗೆ ಸಾಲುಸಾಲಾಗಿ ರಾಮನಾಥಪುರದ ದೊಡ್ಡ ಕಣ್ಮಾಯ್ ತನಕ. ನದಿಯ ನೀರು ಬಹುಪಾಲು ಕೆರೆಗಳಲ್ಲೇ ತೀರಿಹೋಗುತ್ತಿತ್ತು, ಕಡಲು ಮುಟ್ಟುತ್ತಿದ್ದದ್ದು ಅಪರೂಪ. ಇಲ್ಲಿ ಬರದ ಸಿದ್ಧತೆ ಮತ್ತು ನೆರೆಯ ಸಿದ್ಧತೆ ಅಂತ ಎರಡು ಕೆಲಸ ಇರಲಿಲ್ಲ. ಕಾಲುವೆಯ ಹೂಳು ತೆಗೆದು, ಏರಿ ಗಟ್ಟಿ ಮಾಡಿ, ಕೋಡಿ ಸರಿಪಡಿಸಿದರೆ ಎರಡಕ್ಕೂ ಆಯಿತು.

ಲೆಕ್ಕ ಬದಲಾದದ್ದು 1895ರಲ್ಲಿ. ಪೆನ್ನಿಕ್ವಿಕ್ ಕಟ್ಟಿಸಿದ ಪೆರಿಯಾರ್ ಅಣೆಕಟ್ಟು ಪಶ್ಚಿಮಕ್ಕೆ ಹರಿಯುತ್ತಿದ್ದ ನೀರನ್ನು ಸುರಂಗದ ಮೂಲಕ ಪೂರ್ವಕ್ಕೆ, ಕಂಬಂ ಕಣಿವೆಗೆ ತಿರುಗಿಸಿತು. ಕನ್ನಡ ಮನೆಮಾತಿನ ಕಪ್ಪಿಲಿಯರು ಸೇರಿ ಆ ಕಣಿವೆಯ ಬೇಸಾಯಗಾರರ ಬದುಕು ಆ ನೀರಿನ ಮೇಲೆ ನಿಂತಿತು. ಆಮೇಲೆ, ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ, 1959ರಲ್ಲಿ ವೈಗೈ ಅಣೆಕಟ್ಟು ಬಂತು. ಅದರಲ್ಲಿ ನೀರು ನಿಲ್ಲುವ ಪೂರ್ಣ ಮಟ್ಟ 71 ಅಡಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪೆರಿಯಾರ್ ತುಂಬುವುದು ಮುಖ್ಯವಾಗಿ ಜೂನಿನಿಂದ ಶುರುವಾಗುವ ನೈಋತ್ಯ ಮುಂಗಾರಿನಲ್ಲಿ. ಆಗ ವೈಗೈ ಬಯಲು ಮಳೆಯ ನೆರಳಿನಲ್ಲಿರುತ್ತದೆ. ಬಯಲಿಗೂ ರಾಮನಾಥಪುರಕ್ಕೂ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರ್ ತನಕ, ಈಶಾನ್ಯದಿಂದ. ಅಂದರೆ ಮುಂಗಾರು ಚೆನ್ನಾಗಿ ಆದ ವರ್ಷ, ಪಶ್ಚಿಮದ ಮಳೆಯಿಂದ ಅಣೆಕಟ್ಟು ತುಂಬಿ ನಿಂತಿರುವ ಹೊತ್ತಿಗೇ ಪೂರ್ವದ ಮಳೆ ಶುರುವಾಗಬಹುದು. ಎರಡು ಮಳೆಗಾಲಗಳನ್ನು ಒಂದೇ ನದಿಗೆ ಕಟ್ಟಿಹಾಕಿದ್ದು ಎಂಜಿನಿಯರಿಂಗ್. ಒಳ್ಳೆಯ ಮುಂಗಾರೇ ಕೆಳಗಿನವರಿಗೆ ಅಪಾಯ ಆಗಬಹುದು ಎನ್ನುವ ಸ್ಥಿತಿ ಹಳೆಯ ನದಿಗೆ ಇರಲಿಲ್ಲ ಅನ್ನುವುದು ನನ್ನ ವಾದ.

ಈ ಸ್ಥಿತಿಗೆ ಆಡಳಿತ ಕೊಟ್ಟ ಉತ್ತರ ಮೂರು ಅಂಕಿ. ವೈಗೈ ಅಣೆಕಟ್ಟಿನಲ್ಲಿ ನೀರು 66 ಅಡಿಗೆ ಬಂದರೆ ಮೊದಲ ಎಚ್ಚರಿಕೆ, 68.5ಕ್ಕೆ ಎರಡನೆಯದು, 69ಕ್ಕೆ ಮೂರನೆಯದು. ಮೂರನೆಯದಾದ ಮೇಲೆ ಒಳಗೆ ಬಂದ ನೀರನ್ನು ಬಂದ ಹಾಗೇ ಹೊರಗೆ ಬಿಡುತ್ತಾರೆ. ಸುದ್ದಿ ಐದು ಜಿಲ್ಲೆಗೂ ಹೋಗಬೇಕು: ಹೊಳೆಗೆ ಇಳಿಯಬೇಡಿ, ದನಕರು ಬಿಡಬೇಡಿ. ಊರೊಳಗೆ ಇಂಥ ಸುದ್ದಿ ಸಾರುತ್ತಿದ್ದದ್ದು ತಂಡೋರ, ನಮ್ಮ ಡಂಗುರ. ಅದನ್ನು ಬಾರಿಸುವ ಕೆಲಸ ಜಾತಿಯ ಹೊರೆಯಾಗಿತ್ತು. 2022ರಲ್ಲಿ ತಮಿಳುನಾಡು ಸರ್ಕಾರ ತಂಡೋರ ನಿಲ್ಲಿಸಿ ಧ್ವನಿವರ್ಧಕ ಬಳಸಿ ಅಂತ ಹೇಳಿತು. ತಡವಾದರೂ ಸರಿಯಾದ ತೀರ್ಮಾನ. ನೆರೆ ಚರಿತ್ರೆ ಬರೆಯುವವರು ಅಣೆ ಕಟ್ಟಿದವರ ಹೆಸರು ಬರೆಯುತ್ತಾರೆ, ಡಂಗುರ ಹೊಡೆದವರದು ಎಲ್ಲಿದೆ?

ಈಗ ಬತ್ತಲಗುಂಡಿಗೆ ಬರುತ್ತೇನೆ. ಕೊಡೈಕನಾಲ್ ಬೆಟ್ಟದಿಂದ ಇಳಿಯುವ ಮಂಜಳಾರು ಈ ಊರಿನ ಬದಿಯಲ್ಲೇ ಹರಿದು ವೈಗೈ ಸೇರುತ್ತದೆ. ಸೇರುವ ಜಾಗ ವೈಗೈ ಅಣೆಕಟ್ಟಿನಿಂದ ಕೆಳಗಿದೆ. ಮರುದಾನದಿಯ ನೀರೂ ಅಷ್ಟೇ. ಹಾಗಾಗಿ 66, 68.5, 69 ಎನ್ನುವ ಲೆಕ್ಕದಲ್ಲಿ ಈ ನೀರು ಬರುವುದೇ ಇಲ್ಲ. ದೇವದಾನಪಟ್ಟಿ ಹತ್ತಿರದ ಮಂಜಳಾರು ಅಣೆಕಟ್ಟಿಗೆ, ಅದರ ನೀರಿನ ಪೂರ್ಣ ಮಟ್ಟ 57 ಅಡಿ, ಬೇರೆಯದೇ ಮೂರು ಎಚ್ಚರಿಕೆಗಳಿವೆ, ಕೊನೆಯದು 55 ಅಡಿಗೆ. ಅಡಿ ಅಂದರೆ ಆ ಅಣೆಕಟ್ಟು ಎಷ್ಟು ತುಂಬಿದೆ ಅಂತ ಮಾತ್ರ. ಎರಡೂ ಕಡೆಯ ನೀರು ಒಂದಾಗಿ ಕೆಳಗಿನ ಊರಿಗೆ ಎಷ್ಟು ಬರುತ್ತೆ, ಯಾವಾಗ ಬರುತ್ತೆ ಅಂತ ಆ ಅಡಿ ಹೇಳುವುದಿಲ್ಲ. ಕರಾವಳಿಯವರಿಗೆ ಬೇಕಾದದ್ದು ಆ ಲೆಕ್ಕ.

ಚರ್ಚೆಯಲ್ಲಿ ಒಂದು ಪ್ರಶ್ನೆ ಬಂತು: ಮಳೆಗೆ ಮುಂಚೆ ಅಣೆಕಟ್ಟನ್ನು ಒಂದಿಷ್ಟು ಖಾಲಿ ಇಟ್ಟರೆ ಆಗೋದಿಲ್ವಾ? ತಾಂತ್ರಿಕವಾಗಿ ಆಗುತ್ತೆ. 2018ರ ಕೇರಳದ ನೆರೆಯಲ್ಲಿ ಪೆರಿಯಾರ್ ಮಟ್ಟವನ್ನು 139 ಅಡಿಗೆ ಇಳಿಸಿಡಿ ಅಂತ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಆದರೆ ವೈಗೈಯಲ್ಲಿ ಒಂದು ತೊಡಕಿದೆ. ಉಸಿಲಂಪಟ್ಟಿ ಕಡೆಯ ಒಣಭೂಮಿಗೆ ನೀರು ಒಯ್ಯುವ 58 ಗ್ರಾಮ ಕಾಲುವೆಗೆ ನೀರು ಹತ್ತಬೇಕಾದರೆ ಅಣೆಕಟ್ಟಿನಲ್ಲಿ 67 ಅಡಿ ಇರಬೇಕು. ರಾಮನಾಥಪುರಕ್ಕೆ ಮೊದಲ ಎಚ್ಚರಿಕೆ ಹೋದ ಒಂದು ಅಡಿಯ ಮೇಲೆ ಉಸಿಲಂಪಟ್ಟಿಯ ರೈತರ ಬೆಳೆ ಶುರುವಾಗುತ್ತದೆ. ನೀರು ಇಳಿಸಿ ಅಂತ ಅವರಿಗೆ ಯಾರು ಹೇಳಬೇಕು, ಅದಕ್ಕೆ ಬದಲಾಗಿ ಏನು ಕೊಡಬೇಕು? ಇದು ಎಂಜಿನಿಯರರ ಕಚೇರಿಯಲ್ಲಿ ತೀರುವ ಪ್ರಶ್ನೆಯಲ್ಲ. ಮುಂದಿನ ಅಧ್ಯಾಯಕ್ಕೆ ನಾನು ಎರಡೂ ಅಣೆಕಟ್ಟುಗಳ ಎಚ್ಚರಿಕೆಯ ದಿನಗಳನ್ನು ಪಕ್ಕಪಕ್ಕ ಇಟ್ಟು, ಅದರ ಪಕ್ಕದಲ್ಲಿ ಈ ಕಾಲುವೆಗೆ ನೀರು ಬಿಟ್ಟ ದಿನಗಳನ್ನೂ ಬರೆದುಕೊಂಡು ಓದಬೇಕೆಂದಿದ್ದೇನೆ.