ನೆಂಟರನ್ನು ಕರೆದ ವಿದ್ಯಾಪೀಠ

ದೇಶ ಸುತ್ತು, ಇಲ್ಲವೆ ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದರು. ತಿಳಿವಳಿಕೆ ಬೆಳೆಯಲು ಇವೆರಡೇ ದಾರಿಗಳೆಂದು ನಾವೂ ನಂಬಿಕೊಂಡು ಬಂದಿದ್ದೇವೆ. ಆದರೆ ಮೂರನೆಯ ದಾರಿಯೊಂದುಂಟು. ದೇಶ ಸುತ್ತಿದವರನ್ನೂ ಕೋಶ ಓದಿದವರನ್ನೂ ಮನೆಗೆ ಕರೆದು, ಚಾಪೆ ಹಾಸಿ, ಊಟವಿಕ್ಕಿ, ನಾಲ್ಕು ದಿನ ಮಾತನಾಡಿಸುವುದು. ಇದು ಅಗ್ಗದ ದಾರಿಯಂತೂ ಅಲ್ಲ. ನೆಂಟರು ಬಂದರೆ ಅಕ್ಕಿ ಬೇಳೆ ಖರ್ಚಾಗುತ್ತದೆ; ಅದಕ್ಕಿಂತ ಹೆಚ್ಚಾಗಿ, ನಮ್ಮ ಮಾಡು ಎಲ್ಲೆಲ್ಲಿ ಸೋರುತ್ತಿದೆಯೆಂಬುದು ಅವರ ಕಣ್ಣಿಗೆ ಬೀಳುತ್ತದೆ.

ವಿಜ್ಞಾನಿಗಳ ಮಹಾಸಭೆಗೆ ತನ್ನ ಅಂಗಳವನ್ನು ಬಿಟ್ಟುಕೊಡುವ ವಿಶ್ವವಿದ್ಯಾನಿಲಯದ ಪಾಡೂ ಇದೇ. ಈ ಆತಿಥ್ಯದಿಂದ ಹೆಚ್ಚು ಪಡೆಯುವವರು ಯಾರು, ನೆಂಟರೋ ಮನೆಯವರೋ? ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಉತ್ತರ ಹುಡುಕಹೊರಟರೆ, ಇಂಗ್ಲೆಂಡಿನ ಆಕ್ಸ್‌ಫರ್ಡಿನ ಕಥೆಗಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ.

1831ರ ಸೆಪ್ಟೆಂಬರ್ ತಿಂಗಳಲ್ಲಿ ಯಾರ್ಕ್ ಪಟ್ಟಣದಲ್ಲಿ ಒಂದು ಸಭೆ ಸೇರಿತು. ಸ್ಕಾಟ್‌ಲೆಂಡಿನ ಡೇವಿಡ್ ಬ್ರೂಸ್ಟರನ ಒತ್ತಾಸೆಯಿಂದಲೂ ವಿಲಿಯಂ ವರ್ನನ್ ಹಾರ್ಕರ್ಟ್ ಎಂಬ ಪಾದ್ರಿಯ ದುಡಿಮೆಯಿಂದಲೂ ಕೂಡಿದ ಆ ಸಭೆಯಲ್ಲಿ ವಿಜ್ಞಾನದ ಏಳಿಗೆಗಾಗಿ ಬ್ರಿಟಿಷ್ ಸಂಘ ಜನ್ಮ ತಾಳಿತು. ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಕೂಡುವುದು, ಬೇರೆ ಬೇರೆ ಶಾಸ್ತ್ರಗಳ ಸ್ಥಿತಿಗತಿಯನ್ನು ಕುರಿತು ವರದಿಗಳನ್ನು ಬರೆಸುವುದು, ಒಬ್ಬರಿಂದ ಆಗದ ಕೆಲಸವನ್ನು ಹಲವರು ಹಂಚಿಕೊಂಡು ಮಾಡುವುದು ಅದರ ಉದ್ದೇಶಗಳು. ಯಾರ್ಕಿನಲ್ಲಿ ವಿಶ್ವವಿದ್ಯಾನಿಲಯವಿರಲಿಲ್ಲ. ಇಂಗ್ಲೆಂಡಿನ ಹಳೆಯ ವಿದ್ಯಾಪೀಠಗಳ ಪಂಡಿತರು ಈ ಕೂಟದತ್ತ ಹೆಚ್ಚು ಒಲವು ತೋರಲಿಲ್ಲ. ಅವುಗಳ ಪ್ರತಿನಿಧಿಯೆಂಬಂತೆ ಬಂದವನು ಆಕ್ಸ್‌ಫರ್ಡಿನ ರಸಾಯನ ಶಾಸ್ತ್ರದ ಪ್ರಾಧ್ಯಾಪಕ ಚಾರ್ಲ್ಸ್ ಡಾಬೆನಿ. ಬಂದವನು ಸುಮ್ಮನೆ ಕೇಳಿ ಹೋಗಲಿಲ್ಲ. ಮುಂದಿನ ವರ್ಷದ ಸಭೆಯನ್ನು ನಮ್ಮಲ್ಲಿ ನಡೆಸಿ ಎಂದು ಕರೆದನು.

ಈ ಚರಿತ್ರೆಯನ್ನು ಓದುವಾಗಲೆಲ್ಲ ನಾನು ಡಾಬೆನಿಯ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅವನು ಕರೆದದ್ದು ಎಂಥ ಮನೆಗೆ? ಅಲ್ಲಿ ಪದವಿಗೆ ಓದಬೇಕಾದದ್ದು ಮುಖ್ಯವಾಗಿ ಗ್ರೀಕ್, ಲ್ಯಾಟಿನ್, ಜೊತೆಗೆ ಗಣಿತ. ಭೌತ, ರಸಾಯನ, ಭೂಗರ್ಭ ಶಾಸ್ತ್ರಗಳ ಪಾಠಗಳಿದ್ದರೂ ಅವು ಪರೀಕ್ಷೆಗೆ ಬೇಕಾಗಿರಲಿಲ್ಲ. ಡಾಬೆನಿಯ ಪ್ರಯೋಗಶಾಲೆಯೇ ಹಳೆಯ ಆಷ್ಮೋಲಿಯನ್ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಇನ್ನು, ಆ ವಿದ್ಯಾಪೀಠವನ್ನು ಸೇರಬೇಕಾದರೆ ವಿದ್ಯಾರ್ಥಿಯು ಇಂಗ್ಲೆಂಡಿನ ಅಧಿಕೃತ ಚರ್ಚಿನ 39 ಸೂತ್ರಗಳಿಗೆ ಸಹಿ ಹಾಕಬೇಕಾಗಿತ್ತು. ಕ್ವೇಕರ್ ಮೊದಲಾದ ಬೇರೆ ಪಂಥದವರಿಗೆ ಮನಸ್ಸಾಕ್ಷಿಯನ್ನು ಹೊರಗಿಟ್ಟು ಒಳಗೆ ಬರುವ ಹಾಗಿರಲಿಲ್ಲ. ನೆಲಮಾಳಿಗೆಯಲ್ಲಿ ಕುಳಿತವನೊಬ್ಬನು ಇಡೀ ಮನೆಯ ಪರವಾಗಿ ನೆಂಟರನ್ನು ಕರೆದನೆಂದರೆ ಅದು ಸಣ್ಣ ಧೈರ್ಯವಲ್ಲ.

1832ರ ಜೂನಿನಲ್ಲಿ ನೆಂಟರು ಬಂದರು. ಭೂಗರ್ಭಶಾಸ್ತ್ರಜ್ಞನೂ ಪಾದ್ರಿಯೂ ಆದ ವಿಲಿಯಂ ಬಕ್‌ಲ್ಯಾಂಡ್ ಅಧ್ಯಕ್ಷನಾದನು. ಆ ಸಂದರ್ಭದಲ್ಲಿ ವಿಶ್ವವಿದ್ಯಾನಿಲಯವು ನಾಲ್ವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಅವರಲ್ಲಿ ಜಾನ್ ಡಾಲ್ಟನ್ ಕೈಮಗ್ಗದ ನೇಕಾರನ ಮಗ, ಪಂಥದಲ್ಲಿ ಕ್ವೇಕರ್, ಮ್ಯಾಂಚೆಸ್ಟರಿನಲ್ಲಿ ಮನೆಪಾಠ ಹೇಳಿ ಜೀವಿಸುತ್ತ ಪರಮಾಣು ಸಿದ್ಧಾಂತವನ್ನು ರೂಪಿಸಿದವನು. ಮೈಕೇಲ್ ಫ್ಯಾರಡೆ ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿತವನು. ಸ್ಯಾಂಡಿಮೇನಿಯನ್ ಎಂಬ ಚಿಕ್ಕ ಪಂಥಕ್ಕೆ ಸೇರಿದವನು. ಹಿಂದಿನ ವರ್ಷವಷ್ಟೇ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದಿದ್ದನು. ಮೂರನೆಯವನು ಬ್ರೂಸ್ಟರ್, ನಾಲ್ಕನೆಯವನು ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್. ಇಬ್ಬರೂ ಸ್ಕಾಟ್‌ಲೆಂಡಿನವರು. ಡಾಲ್ಟನ್ ಹುಡುಗನಾಗಿದ್ದಾಗ ಓದಲು ಬಂದಿದ್ದರೆ ಯಾವ ಬಾಗಿಲು ಮುಚ್ಚಿರುತ್ತಿತ್ತೋ ಅದೇ ಬಾಗಿಲು, ಅವನಿಗೆ 65 ವರ್ಷವಾದಾಗ ಗೌರವದಿಂದ ತೆರೆಯಿತು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಅಲ್ಲಿಯ ಕಾವ್ಯದ ಪ್ರಾಧ್ಯಾಪಕನಾಗಿದ್ದ ಪಾದ್ರಿ ಕವಿ ಜಾನ್ ಕೀಬಲ್, ನಮ್ಮವರು ಈ ಕಲಬೆರಕೆಯ ಪಂಡಿತರನ್ನು ಹೀಗೆ ಆದರಿಸಿ ಕಾಲದ ಗಾಳಿಗೆ ತಲೆಬಾಗಿದರೆಂದು ನೊಂದುಕೊಂಡನು. ಅವನನ್ನು ನಾವು ಹಾಸ್ಯ ಮಾಡಿ ತಳ್ಳಿಬಿಡಬಾರದು. ಹೊರಗಿನವರು ಒಂದು ಸಲ ಒಳಗೆ ಬಂದರೆ ಮನೆ ಮೊದಲಿನಂತೆ ಉಳಿಯುವುದಿಲ್ಲವೆಂಬುದನ್ನು, ಸಂತೋಷಪಟ್ಟವರಿಗಿಂತ ಸ್ಪಷ್ಟವಾಗಿ ಆ ಸಂಕಟಪಟ್ಟವನೇ ಕಂಡಿದ್ದನು.

ಡಾಲ್ಟನನ ಪದವಿಯ ನಿಲುವಂಗಿಗೆ ಸಂಬಂಧಿಸಿದ ಪ್ರಸಂಗವೊಂದುಂಟು. 1834ರಲ್ಲಿ ಅವನನ್ನು ದೊರೆಯ ಆಸ್ಥಾನಕ್ಕೆ ಕರೆದೊಯ್ಯಬೇಕಾಯಿತು. ಆಸ್ಥಾನದ ಉಡುಪಿನಲ್ಲಿ ಕತ್ತಿ ಇರಬೇಕು; ಕ್ವೇಕರರು ಕತ್ತಿ ಕಟ್ಟುವುದಿಲ್ಲ. ಆಕ್ಸ್‌ಫರ್ಡಿನ ನಿಲುವಂಗಿಯನ್ನು ತೊಟ್ಟರೆ ಕತ್ತಿ ಬೇಕಿಲ್ಲವೆಂದು ಗೆಳೆಯರು ಉಪಾಯ ಹುಡುಕಿದರು. ಆದರೆ ಅದು ಕಡುಗೆಂಪು. ಕ್ವೇಕರರಿಗೆ ಅಂಥ ಬಣ್ಣದ ಬಟ್ಟೆಯೂ ಸಲ್ಲದು. ಡಾಲ್ಟನನಿಗೆ ಮಾತ್ರ ಚಿಂತೆಯಾಗಲಿಲ್ಲ. ಅವನು ವರ್ಣಾಂಧ; ತನ್ನ ಕಣ್ಣಿನ ಈ ದೋಷವನ್ನು ಕುರಿತು 1794ರಲ್ಲಿಯೇ ಪ್ರಬಂಧ ಓದಿದ್ದವನು. ಆ ಕೆಂಪು ಅವನಿಗೆ ಕೆಂಪಾಗಿ ಕಾಣುತ್ತಲೇ ಇರಲಿಲ್ಲ!

ಆತಿಥ್ಯಕ್ಕೂ ಮಿತಿಯಿತ್ತು. ಪ್ರಬಂಧಗಳನ್ನು ಓದುವ ಸಭೆಗೆ ಹೆಂಗಸರು ಬರಬಾರದು, ಅದರಲ್ಲಿಯೂ ಆಕ್ಸ್‌ಫರ್ಡಿನಂಥ ಸ್ಥಳದಲ್ಲಿ ಕೂಡದು ಎಂಬುದು ಅಧ್ಯಕ್ಷ ಬಕ್‌ಲ್ಯಾಂಡನ ಅಭಿಪ್ರಾಯವಾಗಿತ್ತು. ಗಣಿತದಲ್ಲಿಯೂ ಖಗೋಳದಲ್ಲಿಯೂ ಹೆಸರಾದ ಮೇರಿ ಸಾಮರ್‌ವಿಲ್ ಅವರ ಅಭಿಪ್ರಾಯವೂ ಅದೇ, ಆಕೆ ಬಹುಶಃ ಬರುವುದಿಲ್ಲ ಎಂದು ಆಕೆಯ ಪತಿಯೇ ತಿಳಿಸಿದರಂತೆ. 1879ರಲ್ಲಿ ಅದೇ ಆಕ್ಸ್‌ಫರ್ಡಿನಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ವಿದ್ಯಾಸಂಸ್ಥೆಗಳಲ್ಲಿ ಒಂದಕ್ಕೆ ಸಾಮರ್‌ವಿಲ್ ಎಂದೇ ಹೆಸರಿಟ್ಟರು. ಆದರೂ ಆ ವಿಶ್ವವಿದ್ಯಾನಿಲಯವು ಹೆಂಗಸರಿಗೆ ಪದವಿ ಕೊಟ್ಟದ್ದು 1920ರಲ್ಲಿ. ಬಾಗಿಲು ತೆರೆದುಕೊಳ್ಳುವುದು ಒಮ್ಮೆಗೇ ಅಲ್ಲ, ಒಂದೊಂದು ಗೇಣು.

ಆಕ್ಸ್‌ಫರ್ಡು ಕರೆದ ಮೇಲೆ ಕೇಂಬ್ರಿಜ್ ಹಿಂದೆ ಉಳಿದೀತೆ? 1833ರ ಸಭೆ ಅಲ್ಲಿ ನೆರೆಯಿತು. ಬಗೆಬಗೆಯ ಶಾಸ್ತ್ರಗಳಲ್ಲಿ ದುಡಿಯುವವರೆಲ್ಲರಿಗೂ ಸಲ್ಲುವ ಒಂದು ಹೆಸರಿಲ್ಲವಲ್ಲ ಎಂಬ ಚರ್ಚೆ ಅಲ್ಲಿ ನಡೆಯಿತು. ಇಂದು ಲೋಕವೆಲ್ಲ ಬಳಸುವ ‘ಸೈಂಟಿಸ್ಟ್’ ಎಂಬ ಮಾತು ವಿಲಿಯಂ ಹ್ಯೂವೆಲನ ಬಾಯಿಂದ ಹುಟ್ಟಿದ್ದು ಆ ಚರ್ಚೆಯಲ್ಲಿ. ಮರುವರ್ಷ ಅಚ್ಚಿನಲ್ಲಿ ಕಾಣಿಸಿಕೊಂಡಿತು. ಒಂದೆಡೆ ಕೂಡಿದ ಮೇಲೆಯೇ ಅವರಿಗೆ ತಾವೆಲ್ಲ ಒಂದು ಕುಲವೆಂದು ತೋರಿತು.

ಮತ್ತೆ ಆಕ್ಸ್‌ಫರ್ಡಿಗೆ ಬರೋಣ. 1847ರ ಜೂನಿನಲ್ಲಿ ಸಂಘ ಅಲ್ಲಿ ಪುನಃ ನೆರೆದಾಗ ನಡೆದ ಸಂಗತಿಯೊಂದು, ಆತಿಥ್ಯದ ನಿಜವಾದ ಬೆಲೆ ಏನೆಂಬುದನ್ನು ತೋರಿಸುತ್ತದೆ. ಜೇಮ್ಸ್ ಜೂಲ್ ಮ್ಯಾಂಚೆಸ್ಟರಿನ ಬಿಯರ್ ತಯಾರಕರ ಮನೆಯ ಮಗ. ಬಾಲ್ಯದಲ್ಲಿ ಡಾಲ್ಟನನ ಶಿಷ್ಯ. ಯಾವ ವಿಶ್ವವಿದ್ಯಾನಿಲಯದ ಪದವಿಯೂ ಇಲ್ಲದವನು. ನೀರಿನೊಳಗೆ ಚಕ್ರ ತಿರುಗಿಸಿದರೆ ನೀರು ಬಿಸಿಯಾಗುತ್ತದೆ, ಇಷ್ಟು ಕೆಲಸಕ್ಕೆ ಇಷ್ಟೇ ಶಾಖ ಎಂಬ ಲೆಕ್ಕ ತಪ್ಪುವುದಿಲ್ಲ ಎಂದು ಅವನು ವರ್ಷಗಳಿಂದ ಹೇಳುತ್ತಿದ್ದರೂ ಕಿವಿಗೊಟ್ಟವರು ಕಡಿಮೆ. ಆಕ್ಸ್‌ಫರ್ಡಿನಲ್ಲಿಯೂ ಅಧ್ಯಕ್ಷನು, ಹೊತ್ತಾಯಿತು, ಪ್ರಬಂಧ ಓದಬೇಡ, ಸಂಕ್ಷೇಪವಾಗಿ ಬಾಯಲ್ಲಿ ಹೇಳು ಎಂದುಬಿಟ್ಟನು. ಅದು ಅಲ್ಲಿಗೇ ಮುಗಿಯಬೇಕಾದದ್ದು. ಆದರೆ ಸಭೆಯಲ್ಲಿ ಗ್ಲಾಸ್ಗೋದ ಎಳೆಯ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್ ಕುಳಿತಿದ್ದನು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತನಾದ ಅವನಿಗೆ ಆಗ 23ರ ಆಸುಪಾಸು. ಅವನು ಎದ್ದು ಪ್ರಶ್ನೆ ಕೇಳಿದ್ದರಿಂದ ಎಲ್ಲರ ಗಮನ ತಿರುಗಿತೆಂದು ಜೂಲ್ ಬರೆದನು. ಇಲ್ಲ, ಸಭೆ ಮುಗಿದ ಮೇಲೆ ಹತ್ತಿರ ಹೋಗಿ ಮಾತನಾಡಿಸಿದೆನೆಂದು ಥಾಮ್ಸನ್ ನೆನೆದನು. ಹೇಗಾದರೂ ಆಗಲಿ, ಪ್ರಬಂಧ ಮಾಡಲಾರದ ಕೆಲಸವನ್ನು ಸಭೆಯ ಆಚೀಚಿನ ಮಾತುಕತೆ ಮಾಡಿತು. ಕೆಲವೇ ವಾರಗಳಲ್ಲಿ ಇಬ್ಬರೂ ಆಲ್ಪ್ಸ್ ಪರ್ವತದ ದಾರಿಯಲ್ಲಿ ಅಕಸ್ಮಾತ್ತಾಗಿ ಎದುರಾದರಂತೆ. ಹೊಸದಾಗಿ ಮದುವೆಯಾಗಿದ್ದ ಜೂಲ್, ಹೆಂಡತಿಯೊಡನೆ ಪ್ರವಾಸ ಬಂದವನು, ಜಲಪಾತದ ನೀರಿನ ಉಷ್ಣತೆಯನ್ನು ಅಳೆಯುವ ಹಂಬಲದಲ್ಲಿದ್ದನು! ಮುಂದೆ ಇಬ್ಬರೂ ಕೂಡಿ ದುಡಿದರು. ಅನಿಲಗಳು ಹಿಗ್ಗುವಾಗ ತಣ್ಣಗಾಗುವ ಬಗೆಯನ್ನು ಕುರಿತ ಅವರ ಶೋಧಕ್ಕೆ ಇಬ್ಬರ ಹೆಸರೂ ಉಳಿದಿದೆ.

1860ರ ಹೊತ್ತಿಗೆ ಆಕ್ಸ್‌ಫರ್ಡು ಸಾಕಷ್ಟು ಬದಲಾಗಿತ್ತು. 1850ರಲ್ಲಿ ಪ್ರಕೃತಿ ವಿಜ್ಞಾನವನ್ನು ಪದವಿಯ ವಿಷಯವಾಗಿ ಅಂಗೀಕರಿಸಿದ್ದರು. 1854ರ ಕಾನೂನಿನಿಂದ ವಿದ್ಯಾಪೀಠ ಸೇರಲು ಮತದ ಸಹಿ ಬೇಕಿಲ್ಲವೆಂದಾಯಿತು. ವಿಜ್ಞಾನಗಳಿಗಾಗಿಯೇ ದೊಡ್ಡದೊಂದು ವಸ್ತುಸಂಗ್ರಹಾಲಯ ಎದ್ದಿತ್ತು. ಅದಕ್ಕೆ ಹಣ ಬಂದದ್ದು ವಿಶ್ವವಿದ್ಯಾನಿಲಯದ ಮುದ್ರಣಾಲಯವು ಬೈಬಲ್ ಮಾರಿ ಗಳಿಸಿದ ಲಾಭದಿಂದ. ಆ ವರ್ಷ ಜೂನ್ 30ರಂದು, ಅದೇ ಕಟ್ಟಡದಲ್ಲಿ, ಡಾರ್ವಿನನ ಹೊಸ ಸಿದ್ಧಾಂತವನ್ನು ಕುರಿತು ಬಿಷಪ್ ವಿಲ್ಬರ್‌ಫೋರ್ಸನಿಗೂ ಥಾಮಸ್ ಹಕ್ಸ್‌ಲೀಗೂ ವಾಗ್ವಾದ ನಡೆಯಿತು. ಅವರು ಆಡಿದ ಮಾತುಗಳ ಪೂರ್ಣ ದಾಖಲೆ ಇಲ್ಲ. ಯಾರು ಗೆದ್ದರೆಂದು ತೀರ್ಮಾನಿಸುವ ಗೋಜೂ ನನಗೆ ಬೇಡ. ಬೈಬಲಿನ ಹಣದಿಂದ ಕಟ್ಟಿದ ಮನೆಯಲ್ಲಿ ಅಂಥ ಮಾತಿಗೆ ಎಡೆಯಿತ್ತು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಬೋಧಕ ಹುದ್ದೆಗಳಿಗಿದ್ದ ಮತದ ನಿರ್ಬಂಧವೂ 1871ರಲ್ಲಿ ತೊಲಗಿತು. ಇದೆಲ್ಲವೂ 1832ರ ನಾಲ್ಕು ದಿನಗಳ ಫಲವೆಂದರೆ ಅತಿಶಯೋಕ್ತಿಯಾದೀತು. ರಾಜಕೀಯ ಕಾರಣಗಳು ಬೇಕಾದಷ್ಟಿದ್ದವು. ಆದರೆ ಡಾಲ್ಟನನಿಗೆ ಡಾಕ್ಟರ್ ಪದವಿ ಕೊಟ್ಟ ಮೇಲೆ, ಡಾಲ್ಟನನಂಥ ಹುಡುಗನನ್ನು ಹೊರಗಿಡುವ ನಿಯಮಕ್ಕೆ ಮರ್ಯಾದೆ ಉಳಿಯುವುದು ಕಷ್ಟ.

ಈ ಸಂಘದ ಮಾದರಿಯಲ್ಲಿಯೇ ನಮ್ಮಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ ಹುಟ್ಟಿತು. ಸೈಮನ್‌ಸನ್ ಮತ್ತು ಮ್ಯಾಕ್‌ಮಹೊನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರ ಯತ್ನದಿಂದ ಮೊದಲ ಅಧಿವೇಶನ 1914ರಲ್ಲಿ ಕಲ್ಕತ್ತದಲ್ಲಿ, ಆಶುತೋಷ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಸೇರಿತು. ನಾಲ್ಕನೆಯದಕ್ಕೇ, ಅಂದರೆ 1917ರಲ್ಲಿ, ಬೆಂಗಳೂರಿಗೆ ಅತಿಥಿಗಳನ್ನು ಉಪಚರಿಸುವ ಭಾಗ್ಯ ಬಂದಿತು. ಲಖನೌದಲ್ಲಿ ಸೇರಿದ 1923ರ ಅಧಿವೇಶನಕ್ಕೆ ನಮ್ಮ ವಿಶ್ವೇಶ್ವರಯ್ಯನವರು ಅಧ್ಯಕ್ಷರು. 2016ರಲ್ಲಿ, ತನ್ನ ಶತಮಾನೋತ್ಸವದ ವರ್ಷ, ಮೈಸೂರು ವಿಶ್ವವಿದ್ಯಾನಿಲಯವು ಮಾನಸಗಂಗೋತ್ರಿಯಲ್ಲಿ 103ನೆಯ ಅಧಿವೇಶನವನ್ನು ನಡೆಸಿಕೊಟ್ಟಿತು.

ಸಭೆ ದೊಡ್ಡದೇ ಆಗಬೇಕೆಂದಿಲ್ಲ. 1928ರ ಮಾರ್ಚ್ 16ರಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಕೂಟ ನಡೆಯಿತು. ಎರಡು ವಾರಗಳ ಹಿಂದೆಯಷ್ಟೇ ಕಲ್ಕತ್ತದಲ್ಲಿ ತಾವು ಕಂಡ ಹೊಸ ಬಗೆಯ ವಿಕಿರಣವನ್ನು ಸಿ. ವಿ. ರಾಮನ್ ಅವರು ಆ ಸಭೆಯ ಮುಂದೆ ವಿವರಿಸಿದರು. ಅದಕ್ಕೆ 1930ರಲ್ಲಿ ನೊಬೆಲ್ ಬಹುಮಾನ ಬಂದಿತು. ಅಂದು ಆ ಕೊಠಡಿಯ ಬೆಂಚುಗಳನ್ನು ಒರೆಸಿ ಅಣಿಮಾಡಿದವರಿಗೆ, ನೆಂಟರು ಇಂಥ ಬುತ್ತಿಯನ್ನು ತಂದಿದ್ದಾರೆಂದು ಮೊದಲೇ ತಿಳಿದಿರಲು ಹೇಗೆ ಸಾಧ್ಯ?

2024ರ ಜನವರಿಯಲ್ಲಿ ವಿಜ್ಞಾನ ಕಾಂಗ್ರೆಸ್ಸಿನ ಅಧಿವೇಶನ ನಡೆಯಲಿಲ್ಲ. ಸರ್ಕಾರದ ಇಲಾಖೆಗೂ ಸಂಘಕ್ಕೂ ಹಣದ ವಿಷಯದಲ್ಲಿ ವಿವಾದ ಬಂದಿತು. ಆತಿಥ್ಯ ವಹಿಸುವುದಾಗಿ ಹೇಳಿದ್ದ ವಿದ್ಯಾಪೀಠವೂ ಕೈಬಿಟ್ಟಿತು. ಆ ಅಧಿವೇಶನಗಳ ಮೇಲೆ ಟೀಕೆಗಳಿದ್ದವು. ಅವುಗಳಲ್ಲಿ ಕೆಲವು ನ್ಯಾಯವೂ ಆಗಿದ್ದವು. ಜಾತ್ರೆಯಾಗಿಬಿಟ್ಟ ಸಭೆಯನ್ನು ತಿದ್ದಬೇಕಾದದ್ದು ನಿಜ. ಆದರೆ ಕರೆಯುವವರೇ ಇಲ್ಲದಂತಾದರೆ ತಿದ್ದುವುದಾದರೂ ಯಾವುದನ್ನು? ದೂರದವರ ಮುಖವನ್ನು ಪರದೆಯ ಮೇಲೆ ನೋಡಿ ಮಾತನಾಡುವ ಅನುಕೂಲ ಇಂದು ನಮಗಿದೆ. ಸಂಕ್ಷೇಪವಾಗಿ ಹೇಳು ಎನ್ನುವ ಅಧ್ಯಕ್ಷ ಅಲ್ಲಿಯೂ ದೊರೆಯುತ್ತಾನೆ. ಸಭೆ ಮುಗಿದ ಮೇಲೆ ಪಕ್ಕಕ್ಕೆ ಬಂದು ನಿಲ್ಲುವ ಥಾಮ್ಸನ್ ಅಲ್ಲಿ ದೊರೆಯುವುದು ಅಪರೂಪ.

ಆದ್ದರಿಂದ, ಆತಿಥ್ಯದಿಂದ ಹೆಚ್ಚು ಪಡೆಯುವುದು ಮನೆಯವರೇ ಎಂದು ನನಗೆ ತೋರುತ್ತದೆ. ಮನೆ ದೊಡ್ಡದಾದ ಮೇಲೆ, ಮಾಡು ರಿಪೇರಿಯಾದ ಮೇಲೆ ನೆಂಟರನ್ನು ಕರೆಯೋಣವೆಂದು ಕಾಯುವ ವಿದ್ಯಾಪೀಠ ಎಂದೂ ಕರೆಯುವುದಿಲ್ಲ. ಡಾಬೆನಿ ನೆಲಮಾಳಿಗೆಯಲ್ಲಿದ್ದೇ ಕರೆದನು. ಮನೆ ಆಮೇಲೆ ದೊಡ್ಡದಾಯಿತು.