ಲೆಕ್ಕಕ್ಕೆ ಸಿಗದ ವಿಷ: ಪಡ್ರೆಯ ಸುರಂಗದಿಂದ ನಮ್ಮ ಬೋರ್‌ವೆಲ್ ತನಕ

ನಮ್ಮೂರ ನೀರಿನ ಚರಿತ್ರೆ | ಭಾಗ 5

ನಿಮ್ಮ ಪಂಚಾಯ್ತಿಯಲ್ಲಿ ನೀರಿನ ಟೆಸ್ಟ್ ರಿಪೋರ್ಟ್ ಒಂದ್ಸಲ ಕೇಳಿ ನೋಡಿ. ಪಿಎಚ್, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಎಲ್ಲಾ ಇರುತ್ತೆ. ಈಗ ಕೀಟನಾಶಕದ ಸಾಲು ಹುಡುಕಿ. ಸಾಮಾನ್ಯವಾಗಿ ಸಿಗಲ್ಲ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಕೊಡೋ ಟೆಸ್ಟ್ ಕಿಟ್‌ನಲ್ಲೂ ಅದನ್ನ ಅಳೆಯೋಕೆ ಆಗಲ್ಲ.

ಮಾಕವಳ್ಳಿ ಸುತ್ತಮುತ್ತ ಕಬ್ಬು, ಭತ್ತ ಬೆಳೀತೀವಿ. ಕಳೆಗೊಂದು, ಹುಳಕ್ಕೊಂದು ಅಂತ ಹೊಡೀತೀವಿ. ಅದನ್ನ ವಿಷ ಅಂತ ಯಾರೂ ಕರೆಯಲ್ಲ, ‘ಔಷಧಿ’ ಅಂತೀವಿ. ಅದೇ ಗದ್ದೆ ಪಕ್ಕದ ಬೋರ್‌ವೆಲ್ ನೀರು ಕುಡೀತೀವಿ. ಅಂಗಡಿಯ ಬಿಲ್ಲಿನಲ್ಲಿ ಔಷಧಿಯ ಲೆಕ್ಕ ಇದೆ, ನೀರಿನ ರಿಪೋರ್ಟಿನಲ್ಲಿ ಇಲ್ಲ. ಹಿಂಗೆ ಲೆಕ್ಕ ಇಡದೆ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ, ಕನ್ನಡ ಮಾತಾಡೋ ಇನ್ನೊಂದು ಊರಿನ ಚರಿತ್ರೆ ಹೇಳ್ತೀನಿ, ಓದಿ.

1️⃣ ಗುಡ್ಡದ ಮೇಲೆ ಹೆಲಿಕಾಪ್ಟರ್

ಕಾಸರಗೋಡು ಜಿಲ್ಲೆ, ಎಣ್ಮಕಜೆ ಪಂಚಾಯ್ತಿ, ಪಡ್ರೆ ಗ್ರಾಮ. ಅಲ್ಲಿ ಕುಡಿಯೋ ನೀರಿಗೆ ಬಾವಿ ಜೊತೆಗೆ ಸುರಂಗಗಳೂ ಇವೆ. ಗುಡ್ಡಕ್ಕೆ ಅಡ್ಡಡ್ಡ ಕೊರೆದು, ಒಳಗೆ ಜಿನುಗೋ ನೀರನ್ನ ಹೊರಗೆ ಹರಿಸಿಕೊಳ್ಳೋ ಪದ್ಧತಿ. ಅಂದ್ರೆ ಗುಡ್ಡದ ನೆತ್ತಿ ಮೇಲೆ ಬಿದ್ದ ಮಳೆಯೇ ಮನೆಯ ಕೊಡಕ್ಕೆ ಬರೋದು.

ಅಲ್ಲಿನ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್‌ನ ಗೇರು ತೋಟ ಇತ್ತು. ಟೀ ಸೊಳ್ಳೆ ಅನ್ನೋ ಕೀಟ ಕೊಲ್ಲೋಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದ್ರು. ಈ ರಾಸಾಯನಿಕ ನೀರಲ್ಲಿ ಹೆಚ್ಚು ಕರಗಲ್ಲ, ಮಣ್ಣಿಗೆ ಅಂಟಿಕೊಳ್ಳುತ್ತೆ. ಮಳೆಗೆ ಆ ಮಣ್ಣು ಕೊಚ್ಚಿ ಹೋದಾಗ ಅದರ ಜೊತೆ ತೋಡಿಗೆ ಇಳಿಯುತ್ತೆ. ಒಡೆದ ಮೇಲೆ ಉಳಿಯೋ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ.

ಅಂಗವೈಕಲ್ಯದ ಕರುಗಳು ಹುಟ್ತಿರೋದನ್ನ ಮೊದಲು ಬರೆದವರಲ್ಲಿ ಒಬ್ರು ಪತ್ರಕರ್ತ ಶ್ರೀ ಪಡ್ರೆ. ಆಮೇಲೆ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಒಂದೇ ಸಣ್ಣ ಊರಲ್ಲಿ ಇಷ್ಟೊಂದು ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕೆ ಅಂತ ಕೇಳೋಕೆ ಶುರು ಮಾಡಿದ್ರು.

2️⃣ ಅಳತೆ ಬಂದದ್ದು ಕೊನೆಗೆ

ಕೊನೆಯ ಸಿಂಪರಣೆ ನಡೆದದ್ದು 2000ದ ಡಿಸೆಂಬರ್. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಹಾಲು, ರಕ್ತ ತಗೊಂಡು ಹೋಗಿ ಪರೀಕ್ಷೆ ಮಾಡಿ ವರದಿ ಕೊಟ್ಟದ್ದು 2001ರಲ್ಲಿ. ಅದೇ ವರ್ಷ ಅಹಮದಾಬಾದ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರೂ ಬಂದ್ರು. ಸಿಂಪರಣೆ ನಿಂತು ತಿಂಗಳುಗಳು ಕಳೆದಿದ್ರೂ ಮಕ್ಕಳ ರಕ್ತದಲ್ಲಿ ಅದರ ಅಂಶ ಸಿಕ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಂಗೆ.

2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನ್ ಕೈಬಿಡೋಕೆ ಒಪ್ಪಿದ್ವು. ಮೇ 13ಕ್ಕೆ ಸುಪ್ರೀಂ ಕೋರ್ಟ್ ಅದರ ತಯಾರಿಕೆ, ಮಾರಾಟ, ಬಳಕೆ ಎಲ್ಲಾ ನಿಲ್ಲಿಸ್ತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳ್ತು. ನಮ್ಮ ರಾಜ್ಯದಲ್ಲೂ ಇದೇ ಕಥೆ: ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರು ತೋಟಗಳಲ್ಲೂ ಸಿಂಪಡಿಸಿದ್ರು. ಕರ್ನಾಟಕ ನಿಷೇಧ ಹೇರಿದ್ದು 2011ರ ಫೆಬ್ರವರಿಯಲ್ಲಿ.

ಇಲ್ಲೇ ಗಮನಿಸಿ. ಯಾವ ಕಾಯಿಲೆ ಎಂಡೋಸಲ್ಫಾನ್‌ನಿಂದ ಬಂತು, ಯಾವುದು ಅಲ್ಲ ಅನ್ನೋ ವಾದ ಇವತ್ತಿಗೂ ನಡೀತಿದೆ. ಸಿಂಪಡಿಸಿದ ಇಪ್ಪತ್ತು ವರ್ಷ, ಸುರಂಗದ ನೀರಲ್ಲಿ ಎಷ್ಟಿತ್ತು ಅಂತ ವರ್ಷಕ್ಕೊಂದ್ಸಲ ಅಳೆದು ಬರೆದಿಟ್ಟಿದ್ರೆ, ಆ ತಾಯಂದಿರ ಕೈಲಿ ಒಂದು ಪುಸ್ತಕ ಇರ್ತಿತ್ತು. ಕಾಮರ್ಸ್ ಓದೋ ನಮಗೆ ಇದು ಬೇಗ ಅರ್ಥ ಆಗ್ಬೇಕು. ವೋಚರ್ ಇಲ್ದೆ ಇದ್ರೆ ಕ್ಲೇಮ್ ನಿಲ್ಲೋದು ಕಷ್ಟ.

3️⃣ ಬಾಟಲಿಗೊಂದು ಲೆಕ್ಕ, ಬೋರ್‌ವೆಲ್‌ಗೊಂದು

2003ರಲ್ಲಿ ಅದೇ ಕೇಂದ್ರ ಬಾಟಲಿ ನೀರಲ್ಲಿ ಕೀಟನಾಶಕ ಇದೆ ಅಂತ ತೋರಿಸ್ತು. ಪಟ್ಟಣದವರು ಕುಡಿಯೋ ನೀರಲ್ವಾ, ದೊಡ್ಡ ಗಲಾಟೆ ಆಯ್ತು. 2004ರ ಜನವರಿ 1ರಿಂದಲೇ ಹೊಸ ಮಿತಿ ಬಂತು: ಯಾವುದೇ ಒಂದು ಕೀಟನಾಶಕ ಲೀಟರ್‌ಗೆ 0.1 ಮೈಕ್ರೋಗ್ರಾಂ ಮೀರಬಾರದು.

ನಲ್ಲಿ, ಬೋರ್‌ವೆಲ್ ನೀರಿಗೂ ಒಂದು ಮಾನದಂಡ ಇದೆ, ಐಎಸ್ 10500. ಅದರ 2012ರ ಪಟ್ಟಿಯಲ್ಲಿ ಕಬ್ಬಿಗೆ ಹೊಡೆಯೋ ಕಳೆನಾಶಕ ಅಟ್ರಾಜಿನ್‌ಗೆ ಮಿತಿ ಲೀಟರ್‌ಗೆ 2 ಮೈಕ್ರೋಗ್ರಾಂ. ಅಂದ್ರೆ 10,000 ಲೀಟರ್‌ನ 100 ಟ್ಯಾಂಕರ್ ನೀರಿಗೆ ಬರೀ 2 ಗ್ರಾಂ. ಕಣ್ಣಿಗೆ ಕಾಣಲ್ಲ, ರುಚಿಗೆ ಸಿಗಲ್ಲ. ಗ್ಯಾಸ್ ಕ್ರೊಮಟೊಗ್ರಾಫ್‌ನಂಥ ದುಬಾರಿ ಯಂತ್ರ ಇರೋ ಲ್ಯಾಬ್‌ನಲ್ಲೇ ನೋಡ್ಬೇಕು. ಹಂಗಾಗಿ ಪುಸ್ತಕದಲ್ಲಿ ಮಿತಿ ಇದೆ, ಹಳ್ಳೀಲಿ ಅಳತೆ ಇಲ್ಲ.

ಮಂಡ್ಯ ಜಿಲ್ಲೆಯ ನೆಲದಡಿ ಗಟ್ಟಿ ಬಂಡೆ. ನೀರು ನಿಲ್ಲೋದು ಅದರ ಬಿರುಕುಗಳಲ್ಲಿ. ಗದ್ದೆಯಿಂದ ಇಳಿದದ್ದು ಯಾವ ಬಿರುಕು ಹಿಡಿದು ಯಾರ ಬೋರ್‌ವೆಲ್‌ಗೆ ಹೋಗುತ್ತೆ ಅಂತ ಮೇಲೆ ನಿಂತು ಹೇಳೋಕಾಗಲ್ಲ. ಅಳೆದೇ ನೋಡ್ಬೇಕು.

4️⃣ ನೀವೇನು ಮಾಡಬಹುದು?

ನಮ್ಮ ನೀರಲ್ಲಿ ವಿಷ ಇದೆ ಅಂತ ನಾನು ಹೇಳ್ತಿಲ್ಲ, ಹೆದರಬೇಡಿ. ಆದ್ರೆ ‘ಇಲ್ಲ’ ಅಂತ ಹೇಳೋಕೂ ಕಾಗದ ಬೇಕಲ್ವಾ?

✅ ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ಕಬ್ಬಿನ ಗದ್ದೆ ಪಕ್ಕದ ಒಂದು ಕುಡಿಯುವ ನೀರಿನ ಬೋರ್‌ವೆಲ್‌ಗಾದ್ರೂ ವರ್ಷಕ್ಕೊಮ್ಮೆ, ಮುಂಗಾರು ಬಿದ್ದ ಮೇಲೆ, ಕೀಟನಾಶಕದ ಪರೀಕ್ಷೆ ಮಾಡಿಸಿ ಅಂತ. ಸ್ಯಾಂಪಲ್ ಪ್ಲಾಸ್ಟಿಕ್ ಬಾಟಲಿಯಲ್ಲಿ ಅಲ್ಲ, ಕಂದು ಗಾಜಿನ ಬಾಟಲಿಯಲ್ಲಿ, ತಣ್ಣಗಿಟ್ಟು ಹೋಗ್ಬೇಕು.

✅ ಮನೇಲಿ ಒಂದು ನೋಟ್‌ಬುಕ್ ಇಡಿ. ಯಾವ ಔಷಧಿ, ಯಾವ ದಿನ, ಯಾವ ಗದ್ದೆ, ಎಷ್ಟು ಟ್ಯಾಂಕ್. ಲ್ಯಾಬ್‌ನವರಿಗೆ ಏನು ಹುಡುಕಬೇಕು ಅನ್ನೋದು ಗೊತ್ತಾಗೋದೇ ಇದರಿಂದ. ಅಪ್ಪ ಬೈದ್ರೆ, ಖರ್ಚಿನ ಲೆಕ್ಕ ಬರೀತಿದೀನಿ ಅನ್ನಿ. ಅದೂ ನಿಜಾನೇ.

ನಿಮ್ಮೂರ ರಿಪೋರ್ಟಿನಲ್ಲಿ ಕೀಟನಾಶಕದ ಸಾಲು ಇದ್ಯಾ? ನೋಡಿ, ಊರಿನ ಹೆಸರಿನ ಜೊತೆ ಕೆಳಗೆ ಬರೀರಿ 👇

#ನಮ್ಮೂರನೀರು #ಮಾಕವಳ್ಳಿ #ಕೆಆರ್‌ಪೇಟೆ #ಮಂಡ್ಯ #ಪಡ್ರೆ