ಮಂಜುದೀಪದ ಒಂದು ಹಳೆಯ ವ್ಯಾಜ್ಯ

ಮಳೆಗಾಲದಲ್ಲಿ ಪುಣೆಯಿಂದ ಊರಿಗೆ ಹೊರಟ ನಮ್ಮಲ್ಲಿ ಹಲವರಿಗೆ ಖಂಬಾಟ್ಕಿ ಘಾಟಿನ ಮಂಜು ಪರಿಚಿತ. ಆ ಬಿಳುಪಿನ ನಡುವೆ, ಎದುರಿನ ಜೀಪೊಂದು ಬಂಪರಿನ ಮೇಲೆ ಸಾಲಾಗಿ ಕೂರಿಸಿಕೊಂಡ ದೀಪಗಳನ್ನೆಲ್ಲ ಒಮ್ಮೆಲೇ ಉರಿಸಿದಾಗ ಕಣ್ಣಿಗೆ ಕತ್ತಲೆ ಕವಿಯುವುದೂ ಪರಿಚಿತವೇ. ಈ ಹೆಚ್ಚುವರಿ ದೀಪಗಳಿಗೆ ಒಂದು ಇತಿಹಾಸವಿದೆ. ಅದರಲ್ಲಿ ಒಂದು ದೊಡ್ಡ ಜಗಳವೂ ಇದೆ.

ಮೊದಲ ಕಾರುಗಳಿಗೆ ಎಣ್ಣೆಯ ದೀಪಗಳಿದ್ದವು. ಆಮೇಲೆ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ ಹುಟ್ಟಿಸುವ ಅಸಿಟಿಲೀನ್ ಅನಿಲದ ದೀಪ ಬಂದಿತು. 1912ರ ಕ್ಯಾಡಿಲಾಕ್ ವಿದ್ಯುತ್ ದೀಪವನ್ನು ಕಾರಿನ ಸಹಜ ಅಂಗವನ್ನಾಗಿಸಿತು. ಬೆಳಕು ಹೆಚ್ಚಿದಂತೆ ಎದುರು ಬರುವವನ ಕಣ್ಣಿನ ಪ್ರಶ್ನೆಯೂ ಎದ್ದಿತು. ದೂರಕ್ಕೊಂದು, ಹತ್ತಿರಕ್ಕೊಂದು ಎಂದು ಒಂದೇ ಬಲ್ಬಿನಲ್ಲಿ ಎರಡು ತಂತಿಗಳನ್ನಿಟ್ಟದ್ದು ಇದಕ್ಕೆ ದೊರೆತ ಉತ್ತರ.

1960ರ ದಶಕದ ಆರಂಭದಲ್ಲಿ ಯೂರೋಪಿನಲ್ಲಿ ಹ್ಯಾಲೋಜನ್ ಬಲ್ಬು ಬಂದಿತು. ಕಾದ ತಂತಿಯಿಂದ ಆವಿಯಾದ ಟಂಗ್‌ಸ್ಟನ್ ಲೋಹವನ್ನು ಬಲ್ಬಿನೊಳಗಿನ ಅಯೋಡಿನ್ ಮರಳಿ ತಂತಿಗೇ ಸೇರಿಸುತ್ತದೆ. ಗಾಜು ಕಪ್ಪಾಗುವುದಿಲ್ಲ, ಬೆಳಕು ಪ್ರಖರ. ಆದರೆ ಆಗಿನ ಹ್ಯಾಲೋಜನ್ ಬಲ್ಬಿನಲ್ಲಿ ಇದ್ದದ್ದು ಒಂದೇ ತಂತಿ. ಬೆಳಕನ್ನು ತಗ್ಗಿಸುವುದು ಹೇಗೆ?

1966ರ ಜನವರಿಯ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಬ್ರಿಟನ್ನಿನ ಮಿನಿ ಕೂಪರ್ ತಂಡ ಇದಕ್ಕೊಂದು ಉಪಾಯ ಹೂಡಿತ್ತು. ದೂರಕ್ಕೆ ಹೆಡ್‌ಲೈಟು, ತಗ್ಗಿಸಬೇಕಾದಾಗ ಅದನ್ನು ಆರಿಸಿ ಮಂಜುದೀಪ. ಟಿಮೊ ಮ್ಯಾಕಿನೆನ್, ರೌನೊ ಆಲ್ಟೊನೆನ್, ಪ್ಯಾಡಿ ಹಾಪ್‌ಕರ್ಕ್ ಮೊದಲ ಮೂರು ಸ್ಥಾನ ಪಡೆದರು. ದೀಪದ ವ್ಯವಸ್ಥೆ ನಿಯಮಕ್ಕೆ ಹೊಂದುವುದಿಲ್ಲವೆಂದು ಮೂವರನ್ನೂ, ಅವರೊಡನೆ ಇನ್ನೂ ಕೆಲವು ಬ್ರಿಟಿಷ್ ಕಾರುಗಳನ್ನೂ ಅನರ್ಹಗೊಳಿಸಲಾಯಿತು. ಗೆಲುವು ಫ್ರಾನ್ಸಿನ ಸಿಟ್ರೊಯೆನ್ ಓಡಿಸಿದ ಪೌಲಿ ತೊಯ್ವೊನೆನ್‌ಗೆ ಸಂದಿತು. ಬ್ರಿಟಿಷರು ಇದನ್ನು ಹಗಲುದರೋಡೆಯೆಂದೇ ಬಗೆದರು. ತೀರ್ಪಿನ ಹಿಂದೆ ಸ್ವದೇಶಾಭಿಮಾನ ಇದ್ದಿರಬಹುದೆಂಬ ಶಂಕೆ ನಮಗೂ ಉಂಟು. ಆದರೂ, ಮಂಜುದೀಪವನ್ನು ತಗ್ಗುದೀಪದ ಬದಲಿಗೆ ಬಳಸಬಹುದೇ ಎಂಬ ಪ್ರಶ್ನೆ ಹುರುಳಿಲ್ಲದ್ದಲ್ಲ.

ಏಕೆಂದರೆ ಅವುಗಳ ಧರ್ಮವೇ ಬೇರೆ. ಮಂಜುದೀಪದ ಬೆಳಕು ಅಗಲ, ಗಿಡ್ಡ. ಮೇಲಂಚು ಕತ್ತರಿಸಿದಂತೆ ನೇರ. ಅದನ್ನು ಬಂಪರಿನ ಕೆಳಗೆ ಕೂರಿಸುವುದು, ಬೆಳಕು ಚಾಲಕನ ಕಣ್ಣಮಟ್ಟದ ಮಂಜಿಗೆ ತಗುಲದೆ ರಸ್ತೆಯ ಅಂಚನ್ನು ತೋರಲೆಂದು. ದೂರದೀಪದ್ದು ಈಟಿಯಂಥ ಬೆಳಕು. ಬಯಲುಸೀಮೆಯ ನಿರ್ಜನ ರಸ್ತೆಗೆ ಸರಿ. ಮಂಜಿನಲ್ಲಿ ಹೊತ್ತಿಸಿದರೆ ಹನಿಗಳು ಬೆಳಕನ್ನು ನಮ್ಮತ್ತಲೇ ತಿರುಗಿಸಿ ಮುಂದೆ ಬಿಳಿಯ ಗೋಡೆ ನಿಲ್ಲಿಸುತ್ತವೆ.

ಹಳದಿ ಬಣ್ಣದ ಮಾತು ಬೇರೆ. ಫ್ರಾನ್ಸ್ 1936ರ ಕಾನೂನಿನಿಂದ ಹೆಡ್‌ಲೈಟುಗಳಿಗೆ ಹಳದಿಯನ್ನು ಕಡ್ಡಾಯಗೊಳಿಸಿತು, 1993ರಲ್ಲಿ ಕೈಬಿಟ್ಟಿತು. ಹಳದಿ ಮಂಜನ್ನು ಸೀಳುತ್ತದೆಂದು ನಮ್ಮ ಮೆಕ್ಯಾನಿಕರು ಇಂದಿಗೂ ಆಣೆಯಿಟ್ಟು ಹೇಳುತ್ತಾರೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುತ್ತದೆ. ಹಳದಿ ಕಣ್ಣಿಗೆ ಹಿತವೆನಿಸಬಹುದು, ಅಷ್ಟೇ.

1970ರ ದಶಕದಲ್ಲಿ ಎರಡು ತಂತಿಯ ಹ್ಯಾಲೋಜನ್ ಬಲ್ಬು ಬಳಕೆಗೆ ಬಂದು ಮಿನಿಗಳ ತೊಡಕು ನೀಗಿತು. ಖಂಬಾಟ್ಕಿಯ ಜೀಪಿನವನಿಗೆ ಆ ತೊಡಕೂ ಇರಲಿಲ್ಲ. ತಗ್ಗಿಸುವ ಸ್ವಿಚ್ಚು ಅವನ ಕೈಯಳತೆಯಲ್ಲೇ ಇತ್ತು.